ನಲವತ್ತು ಪದಗಳಿಗೊಂದು ಕೋಣೆ

ಸೀಮೆಸುಣ್ಣ ಮತ್ತು ಒದ್ದೆ ಬಟ್ಟೆ ಎರಡೂ ಬೆರೆತ ವಾಸನೆ ಚಿಕ್ಕಮ್ಮನ ಅಂಗೈಗಳದು. ಐದಾರು ವರ್ಷದವಳಿದ್ದಾಗ ಬಾಲಂಗೋಚಿ ಆ ಕೈಗಳನ್ನು ಮೂಗಿಗೆ ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದಳು. ಹುಟ್ಟಿನಿಂದ ಕಿವಿ ಕೇಳದ ಚಿಕ್ಕಮ್ಮ, ಕಿವಿ ಕೇಳದ ಮಕ್ಕಳ ಶಾಲೆಯಲ್ಲೇ ಟೀಚರು. ಹೋದಲ್ಲೆಲ್ಲ ಬೆನ್ನು ಬಿಡದೆ ಬರುತ್ತಿದ್ದ ಅಕ್ಕನ ಮಗಳಿಗೆ ಈ ಹೆಸರಿಟ್ಟವಳು ಅವಳೇ. ಕರೆಯುವುದಕ್ಕೆ ಬಾಯಿ ಬೇಕಿರಲಿಲ್ಲ, ಸೊಂಟದ ಹಿಂದೆ ಒಂದು ಬೆರಳು ಅಲ್ಲಾಡಿಸಿದರೆ ಸಾಕು. ಬಾಲಂಗೋಚಿಗೆ ಈಗ ಮೂವತ್ತನಾಲ್ಕು. ವಿಡಿಯೊ ತೆಗೆಯುವುದು ಕಸುಬು. ಹೆಸರು ಮಾತ್ರ ಹಾಗೇ ಉಳಿದಿದೆ.

ಬದಲಾದದ್ದು ಚಿಕ್ಕಮ್ಮನ ಕೈಗಳು. ಅವಕ್ಕೆ ನಡುಕ ಹತ್ತಿತ್ತು. ಬೆಳಿಗ್ಗೆ ಮಾತ್ರೆ ನುಂಗಿದರೆ ನಾಲ್ಕು ಗಂಟೆ ಹಿಡಿತದಲ್ಲಿರುತ್ತಿದ್ದವು. ಹೋದ ವರ್ಷ ಏಳು ಗಂಟೆ ಇರುತ್ತಿದ್ದವು. ಕೈಸನ್ನೆಯಲ್ಲೇ ಮಾತಾಡುವವಳಿಗೆ ಇದು ದಿನದಿನಕ್ಕೆ ಗಂಟಲು ಕಟ್ಟುತ್ತ ಬಂದ ಹಾಗೆ. ಶಾಲೆಗೆ ಹೊಸದಾಗಿ ಬರುವ ಮಕ್ಕಳಿಗೆ ಅವಳು ಕಲಿಸುವ ಮೊದಲ ನಲವತ್ತು ಪದಗಳನ್ನು, ಕೈ ಇನ್ನೂ ಮಾತು ಕೇಳುತ್ತಿರುವಾಗಲೇ ವಿಡಿಯೊ ಮಾಡಿಡಬೇಕಿತ್ತು. ಶಾಲೆಯವರು ಸ್ಟುಡಿಯೊ ಬಾಡಿಗೆಗೆ ಒಂದು ದಿನದ ಮಟ್ಟಿಗೆ ಒಪ್ಪಿದ್ದರು. ಆ ಒಂದು ದಿನ ನಾಳೆ. ಕೋಣೆ ಇವತ್ತೇ ಗೊತ್ತಾಗಬೇಕು.

ಮೊದಲನೆಯದು ಮದುವೆ ಫೋಟೊದವರ ಸ್ಟುಡಿಯೊ. ಎಲ್ಲಿಗೂ ಹೋಗದ ಒಂದು ಮೆಟ್ಟಿಲಸಾಲು, ಹಿಂದೆ ಗೋಡೆಯೇ ಇಲ್ಲದ ಒಂದು ಕಿಟಕಿ. ಬಾಲಂಗೋಚಿ ನಡುಮಧ್ಯೆ ನಿಂತು ಚಪ್ಪಾಳೆ ತಟ್ಟಿದಳು. ಹೊಸ ಜಾಗಕ್ಕೆ ಹೋದರೆ ಅವಳು ಮೊದಲು ಮಾಡುವ ಕೆಲಸವೇ ಅದು. ಸದ್ದು ಗೋಡೆಗೆ ಬಡಿದು ವಾಪಸ್ಸು ಬಂತು.

"ಡಬ್ಬದೊಳಗೆ ನಿಂತ ಹಾಗಿದೆ, ಬೇಡ" ಎಂದು ಸನ್ನೆ ಮಾಡಿದಳು. ಚಿಕ್ಕಮ್ಮನೂ ತಲೆಯಾಡಿಸಿದಳು. ಅವಳ ಕಾರಣ ಬೇರೆ: ದೀಪ ಒಂದೇ ಕಡೆಯಿಂದ ಬಿದ್ದು, ಒಂದು ಬೆರಳಿನ ನೆರಳು ಇನ್ನೊಂದನ್ನು ನುಂಗುತ್ತಿತ್ತು.

ಎರಡನೆಯದು ಒಬ್ಬ ಬಡಗಿಯ ಕಾರ್ಖಾನೆಯ ಮೇಲಿನ ಮಹಡಿ. ಉದ್ದನೆಯ ಕೋಣೆ, ಎರಡು ಬದಿಗೂ ಕಿಟಕಿ, ಎದುರಿಗೆ ಬೂದುಬಣ್ಣದ ಬರಿಗೋಡೆ. ಚಿಕ್ಕಮ್ಮ ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಎರಡೂ ಕೈ ಎತ್ತಿ, ಬೆರಳು ಬಿಡಿಸಿ, ಮಡಚಿ ನೋಡಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಬಡಗಿ ಅದನ್ನು ಕಂಡು, ಯಾರೂ ಹೇಳದಿದ್ದರೂ ಹೋಗಿ ಎರಡೂ ಕಡೆಯ ಪರದೆಗಳನ್ನು ಪೂರ್ತಿ ಸರಿಸಿದ. ಅಷ್ಟರಲ್ಲಿ ಬಾಲಂಗೋಚಿ ಚಪ್ಪಾಳೆ ತಟ್ಟಿದಳು. ಉತ್ತರ ಕೊಟ್ಟದ್ದು ಕೆಳಗಿನ ಗರಗಸದ ಮಿಷನ್ನು.

"ಅಯ್ಯೋ ದೇವರೇ! ನಡಿ, ನಡಿ" ಎಂದು ಅವಳು ಚಿಕ್ಕಮ್ಮನ ತೋಳು ಹಿಡಿದು ಇಳಿಸಿಕೊಂಡೇ ಹೋದಳು.

ಮೂರನೆಯದು ಹಾಡು ರೆಕಾರ್ಡ್ ಮಾಡುವ ಸ್ಟುಡಿಯೊ. ಅದನ್ನು ನೋಡಿ ಬಾಲಂಗೋಚಿಯ ಮುಖ ಅರಳಿತು. ಗೋಡೆ, ಬಾಗಿಲು, ಸೂರು ಎಲ್ಲಕ್ಕೂ ಕಪ್ಪು ಸ್ಪಂಜು. ಚಪ್ಪಾಳೆ ತಟ್ಟಿದರೆ ಸದ್ದು ಅಂಗೈ ಬಿಟ್ಟು ಹೊರಡಲೇ ಇಲ್ಲ.

"ಮೇಡಂ, ಇಲ್ಲಿ ಸೂಜಿ ಬಿದ್ರೂ ಕೇಳಿಸುತ್ತೆ" ಎಂದ ಮಾಲೀಕ.

"ಇದೇ ಇರಲಿ. ನಾಳೆಗೆ ನಮ್ಮದೇ ಅಂತ ಬರ್ಕೊಳ್ಳಿ" ಎಂದು ಬಾಲಂಗೋಚಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಹೆಡ್‌ಫೋನು ಏರಿಸಿ, ಕಣ್ಣು ಮುಚ್ಚಿ ನಿಂತಳು. ಚಿಕ್ಕಮ್ಮ ಮಾದರಿಗೆಂದು ಮೂರು ಪದ ಮಾಡಿ ಮುಗಿಸಿದಳು. ಇವಳು ಕಣ್ಣು ತೆರೆಯಲಿಲ್ಲ. ಚಿಕ್ಕಮ್ಮ ಬಂದು ಭುಜ ತಟ್ಟಿದಳು.

"ಏನೇ ಅಷ್ಟೊಂದು ಕೇಳಿಸ್ಕೊಳ್ತಿದ್ದೀಯ?" ಕೈಗಳು ಕೇಳಿದವು.

"ಎಷ್ಟು ನಿಶ್ಶಬ್ದ ಇದೆ ಅಂತ."

"ನನ್ನ ಪಾಠದಲ್ಲಿ ಅದು ಬಿಟ್ಟು ಇನ್ನೇನಿದೆಯೇ?"

ಬಾಲಂಗೋಚಿ ಹೆಡ್‌ಫೋನು ತೆಗೆದಳು. ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಕಪ್ಪು ಗೋಡೆಯ ಮುಂದೆ ಚಿಕ್ಕಮ್ಮನ ಕಂದು ಕೈಗಳು ಅರ್ಧಕ್ಕರ್ಧ ಕರಗಿಹೋಗಿದ್ದವು. ಹುಟ್ಟಿದಾಗಿನಿಂದ ಚಿಕ್ಕಮ್ಮನ ಜೊತೆ ಈ ಭಾಷೆ ಆಡುತ್ತ ಬಂದವಳು, ಬೆಳಿಗ್ಗೆಯಿಂದ ಕೋಣೆಗಳನ್ನು ಕಿವಿಯಿಂದ ಅಳೆದಿದ್ದಳು! ನಾಲಿಗೆ ಕಚ್ಚಿಕೊಂಡಳು. ಚಿಕ್ಕಮ್ಮ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾಲೀಕ ಏನೊಂದೂ ಅರ್ಥವಾಗದೆ ತಾನೂ ಸ್ವಲ್ಪ ನಕ್ಕು, ಬಾಲಂಗೋಚಿ ಬೇಡವೆಂದಾಗ ಬರೆದುಕೊಂಡಿದ್ದನ್ನು ಹೊಡೆದುಹಾಕಿದ.

ಬಡಗಿಯ ಮಹಡಿಗೆ ಮರಳಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಚಿಕ್ಕಮ್ಮನ ಕೈಗಳು ಆಗಲೇ ನಡುಗುತ್ತಿದ್ದವು, ಆಕೆ ಅವನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು. ಕೋಣೆಯ ನಡುವೆ ಚಪ್ಪಲಿ ಬಿಟ್ಟು ನಿಂತವಳು ನೆಲ ತೋರಿಸಿದಳು. ಗರಗಸದ ಅದುರು ಅವಳ ಪಾದಕ್ಕೆ ಗೊತ್ತಾಗಿತ್ತು. ಬಾಲಂಗೋಚಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ ನೋಡಿದಳು. ಹೌದು, ಚಿತ್ರವೂ ಅದುರುತ್ತಿತ್ತು. ಕೈ ನಡುಗುವುದು ಸಾಲದೆಂದು ಗೋಡೆಯೂ ನಡುಗಿದರೆ ಮಕ್ಕಳು ಕಲಿಯುವುದೇನನ್ನು?

ಅವಳು ಕೆಳಗೆ ಹೋದಳು.

"ಯಜಮಾನ್ರೇ, ನಾಳೆ ಬೆಳಿಗ್ಗೆ ಎಂಟರಿಂದ ಹನ್ನೆರಡರ ತನಕ ಆ ಮಿಷನ್ ನಿಲ್ಸೋಕಾಗುತ್ತಾ?"

"ಓಹೋ, ಅದಕ್ಕೇನಂತೆ. ಪಾಲಿಶ್ ಕೆಲಸ ಬೇಕಾದಷ್ಟು ಬಿದ್ದಿದೆ."

"ಅಷ್ಟೇನಾ? ಬೆಳಿಗ್ಗೇನೇ ಹೇಳಬಾರ್ದಾಗಿತ್ತಾ?"

"ನೀವು ಎಲ್ಲಿ ಕೇಳಿದ್ರಿ ತಾಯಿ? ಚಪ್ಪಾಳೆ ತಟ್ಟಿದ್ರಿ, ಹೋದ್ರಿ. ಚೆನ್ನಾಗಿದೆ ಅಂತ ತಟ್ಟಿದ್ದೇನೋ ಅಂದ್ಕೊಂಡೆ."

ಮರುದಿನ ಎಂಟಕ್ಕೆ ಶುರುವಾಯಿತು. ಅಮ್ಮ, ನೀರು, ಬಾ, ಮನೆ. ಒಂದೊಂದು ಪದವನ್ನೂ ಎರಡೆರಡು ಸಲ ಮಾಡಿ, ಚಿಕ್ಕಮ್ಮ ನಡುವೆ ಕೈಗಳನ್ನು ಮಡಿಲಲ್ಲಿಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ಹನ್ನೊಂದೂವರೆಗೆ ಮೂವತ್ತಾರು ಪದ ಮುಗಿದಿದ್ದವು. ಆಗ ಎಡಗೈಯ ಕಿರುಬೆರಳು ಮೊದಲು ಅಲುಗಿತು.

"ಸಾಕು ಮಾಡೋಣ್ವಾ?" ಎಂದು ಬಾಲಂಗೋಚಿ ಕೇಳಿದಳು.

"ಸುಮ್ಮನಿರೇ. ಮಳೆ, ಉದುರೋ ಎಲೆ, ಚಿಟ್ಟೆ. ಇವನ್ನ ಕೊನೆಗಿಟ್ಟದ್ದು ಸುಮ್ಮನೆ ಅಂದ್ಕೊಂಡ್ಯಾ?"

ನಡುಗುವ ಬೆರಳುಗಳಿಂದ ಮಳೆ ಚೆನ್ನಾಗಿಯೇ ಸುರಿಯಿತು. ಎಲೆ ಉದುರಿತು. ಚಿಟ್ಟೆಯಂತೂ, ಎರಡು ಹೆಬ್ಬೆರಳು ಕೊಂಡಿ ಹಾಕಿ ಅಂಗೈಗಳನ್ನು ಬಿಡಿಸಿದ್ದೇ ತಡ, ರೆಕ್ಕೆ ತಾನಾಗಿ ಬಡಿಯಿತು. ನಲವತ್ತನೆಯ ಪದ 'ನಿಲ್ಲು'. ಅದಕ್ಕೆ ಅಂಗೈ ಗಾಳಿಯಲ್ಲಿ ಅಲುಗದೆ ನಿಲ್ಲಬೇಕು. ಅದನ್ನು ಮೊದಲೇ ಮಾಡಿಕೊಳ್ಳಬೇಕಿತ್ತು, ಇಬ್ಬರಿಗೂ ಮರೆತೇ ಹೋಗಿತ್ತು. ಮೂರು ಸಲ ಪ್ರಯತ್ನಿಸಿದಳು. ಮೂರು ಸಲವೂ ಅಂಗೈ ನಿಲ್ಲಲಿಲ್ಲ.

"ಬರೋ ಟೀಚರಿಗೂ ಒಂದು ಕೆಲಸ ಉಳೀಲಿ" ಎಂದು ಅಂಕುಡೊಂಕಾದ ಸನ್ನೆಯಲ್ಲಿ ಹೇಳಿ ಚಿಕ್ಕಮ್ಮ ಕುರ್ಚಿಯಲ್ಲಿ ಕುಳಿತಳು. ಬಾಲಂಗೋಚಿ ಕ್ಯಾಮೆರಾ ಆರಿಸಿ ದೀಪಗಳ ವಯರು ಸುತ್ತತೊಡಗಿದಳು. ವಿಡಿಯೊದಲ್ಲಿ ಮೂವತ್ತೊಂಬತ್ತು ಪದಗಳಿದ್ದವು. ಎಣಿಸಬೇಕಾಗಿರಲಿಲ್ಲ, ಆದರೂ ಒಮ್ಮೆ ಎಣಿಸಿದಳು.

ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಬಡಗಿ ಬಂದ. ಎರಡು ಕಡೆ ಹಿಡಿಯಿರುವ ದೊಡ್ಡ ಬಟ್ಟಲೊಂದರಲ್ಲಿ ತರಕಾರಿ ಹಾಕಿ ಮೆತ್ತಗೆ ಬೇಯಿಸಿದ ಅನ್ನವಿತ್ತು. ಚೆಲ್ಲದಿರಲೆಂದು ಅರ್ಧದಷ್ಟೇ ತುಂಬಿಸಿದ್ದ. ಅವನು ಚಿಕ್ಕಮ್ಮನ ಎದುರು ಬಗ್ಗಿ, ಎರಡೂ ಹಿಡಿಗಳು ಅವಳ ಎರಡೂ ಕೈಗೆ ಸಿಗುವ ಹಾಗೆ ಬಟ್ಟಲನ್ನು ಕೊಟ್ಟ.