ಎರಡು ಪಾಳಿಯ ಪರೀಕ್ಷೆ

ಕೃಷ್ಣಪ್ಪನಿಗೆ ಕಂಪ್ಯೂಟರ್ ಮೇಲೆ ನಂಬಿಕೆ ಮೊದಲೇ ಅಷ್ಟಕ್ಕಷ್ಟೆ. ಮಗಳು ಇಂಪನಾಗೆ ಒಂದೇ ಒಂದು ಅಂಕದಲ್ಲಿ ನರ್ಸಿಂಗ್ ಸೀಟು ತಪ್ಪಿದ ಮೇಲೆ ಅದೂ ಹೋಯಿತು.

ಅದು ಎರಡು ಸಾವಿರದ ಮೂರನೇ ಇಸವಿ. ಶಿವಮೊಗ್ಗದ ಒಂದು ನರ್ಸಿಂಗ್ ಶಾಲೆ ಪ್ರವೇಶ ಪರೀಕ್ಷೆಯನ್ನು ಎರಡು ಪಾಳಿಯಲ್ಲಿ ನಡೆಸಿತ್ತು. ಬೆಳಗಿನ ಪತ್ರಿಕೆಯೇ ಬೇರೆ, ಮಧ್ಯಾಹ್ನದ್ದೇ ಬೇರೆ. ಬೆಳಗಿನದು ಕಬ್ಬಿಣದ ಕಡಲೆ ಎಂದು ಬರೆದವರೆಲ್ಲ ಗೋಳಾಡಿದ್ದರು. ಕಷ್ಟ ಸುಲಭ ನೋಡಿ ಕಂಪ್ಯೂಟರೇ ಅಂಕ ಸರಿದೂಗಿಸುತ್ತದೆ ಎಂದು ನೋಟಿಸು ಹಚ್ಚಿದ್ದರು. ಬೆಳಿಗ್ಗೆ ಬರೆದ ಇಂಪನಾಗೆ ಸರಿದೂಗಿಸಿ ಸೇರಿಸಿದ್ದು ಎರಡೇ ಅಂಕ. ಮಧ್ಯಾಹ್ನ ಬರೆದ ಪಕ್ಕದ ಕ್ವಾರ್ಟರ್ಸಿನ ಅಕ್ಷಯಾಗೆ ಸೀಟು ಸಿಕ್ಕಿತ್ತು. ಇದರಲ್ಲಿ ಯಾರದೋ ಕೈವಾಡ ಇದ್ದೇ ಇದೆ ಎಂದು ಕೃಷ್ಣಪ್ಪ ಎರಡೂ ಪಾಳಿಯ ಸರಾಸರಿ ಅಂಕಗಳಿದ್ದ ಫಲಿತಾಂಶದ ಹಾಳೆ ಹಿಡಿದು ಶಂಕರಘಟ್ಟದ ಬಸ್ಸು ಹತ್ತಿದ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದೀಪಶ್ರೀ ಎಂಬಾಕೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು.

“ಎಷ್ಟು ತಿಂದಿದಾರೆ ಮೇಡಂ ಇದ್ರಲ್ಲಿ?”

ಆಕೆ ಹಾಳೆ ಓದಿದರು. “ಎರಡೂ ಪತ್ರಿಕೇಲಿ ಇಪ್ಪತ್ತು ಪ್ರಶ್ನೆ ಒಂದೇ ಇಟ್ಟಿರ್ತಾರೆ. ಅವನ್ನ ಎರಡೂ ಪಾಳಿಯವ್ರು ಒಂದೇ ಥರ ಬರೆದಿದ್ರೆ ಮಕ್ಕಳು ಸಮ, ಬೆಳಗಿನವ್ರ ಒಟ್ಟು ಅಂಕ ಕಮ್ಮಿ ಆಗಿದ್ದು ಪತ್ರಿಕೆ ಕಷ್ಟ ಇದ್ದಿದ್ದಕ್ಕೇ ಅಂತ ಲೆಕ್ಕ. ಬೆಳಗಿನವ್ರಿಗೆ ಅಂಕ ಸೇರಿಸ್ತಾರೆ. ಇಲ್ಲಿ ಆ ಇಪ್ಪತ್ತರಲ್ಲಿ ಮಧ್ಯಾಹ್ನದವ್ರು ತುಂಬಾ ಮುಂದಿದಾರೆ. ಅವ್ರೇ ಜಾಣ್ರು ಅಂತ ಕಂಪ್ಯೂಟರ್ ತಿಳ್ಕೊಂಡಿದೆ, ಅದಕ್ಕೇ ಬೆಳಗಿನವ್ರಿಗೆ ಸೇರಿಸಿದ್ದು ಎರಡೇ. ನಡುವಿನ ಬಿಡುವಲ್ಲಿ ಯಾರಾದ್ರೂ ಮಧ್ಯಾಹ್ನದವ್ರಿಗೆ ಪ್ರಶ್ನೆ ಹೇಳ್ಬಿಟ್ರಾ?”

ಕೃಷ್ಣಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಮುಂದಿನ ಪಾಳಿಯವನಿಗೆ ಕುಲುಮೆ ಹೇಗಿದೆ, ಎಲ್ಲಿ ತಕರಾರು ಎಂದು ಹೇಳದೆ ಒಂದು ದಿನವೂ ಗೇಟು ದಾಟಿದವನಲ್ಲ. ಪರೀಕ್ಷೆಯ ದಿನವೂ ಹಾಗೇ ಮಾಡಿದ್ದ. ಇಂಪನಾ ಹೊರಗೆ ಬಂದದ್ದೇ ಪ್ರಶ್ನೆ, ಉತ್ತರ ಎಲ್ಲ ಕೇಳಿಕೊಂಡು, ಅವಳು ಊಟಕ್ಕೆ ಹೋದಾಗ ಅಕ್ಷಯಾಗೆ ಒಪ್ಪಿಸಿದ್ದ. ಬೇರೆ ಹುಡುಗಿಯರೂ ಮುತ್ತಿಕೊಂಡಾಗ ದನಿ ಏರಿಸಿ ಇನ್ನೊಮ್ಮೆ ಹೇಳಿದ್ದ. ಒಳ್ಳೆ ಕೆಲಸ ಮಾಡಿದೆ ಎಂದು ಎದೆಯುಬ್ಬಿಸಿಕೊಂಡು ಬೇರೆ ಬಂದಿದ್ದ.

“ಯಾರು ಅಂತ ಬರೆದು ಅರ್ಜಿ ಕೊಡಿ, ಮತ್ತೆ ಲೆಕ್ಕ ಹಾಕ್ತಾರೆ. ಹೇಳಿದ್ದು ಪರೀಕ್ಷೆ ಬರೆದ ಹುಡುಗೀನೇ ಆದ್ರೆ ಅವಳ ಫಲಿತಾಂಶನೇ ರದ್ದು,” ಎಂದರು ದೀಪಶ್ರೀ.

ಮನೆಯಲ್ಲಿ ಇಂಪನಾ ಹಾಳೆ, ಪೆನ್ನು ಹಿಡಿದೇ ಕಾಯುತ್ತಿದ್ದಳು. “ಮೋಸ ಮಾಡಿದ್ದು ಯಾರಂತಪ್ಪ? ಯಾರ ಹೆಸ್ರು ಬರೀಲಿ?”

“ನಂದು ಬರಿ.” ನಡೆದದ್ದನ್ನೆಲ್ಲ ಹೇಳಿದ. ನಾಚಿಕೆಯಿಂದ ಕುಗ್ಗಿಹೋಗಿದ್ದ. “ನನ್ನೊಬ್ಬನ ಹೆಸ್ರೇ ಬರಿ ಮಗಾ. ನಿಂದು ಬೇಡ.”

ಇಂಪನಾ ಬರೆಯಲು ಬಗ್ಗಿದವಳು ತಲೆ ಎತ್ತಿದಳು.

“ಆ ಪ್ರಶ್ನೆ ನಿನಗೆ ಯಾರು ಹೇಳಿದ್ದು ಅಂತ ಕೇಳ್ತಾರಲ್ಲಪ್ಪ?”