ನಗುವಾಗ ತೆಗೆದ ಅಳತೆ

ಓನರಮ್ಮ ಮಹಡಿ ಇಳಿದು ಬಂದು ನಮ್ಮ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತರು. "ತಿಂಗಳ ಕೊನೆಗೆ ಖಾಲಿ ಮಾಡಿ. ಮಧ್ಯಾಹ್ನ ಕಣ್ಣು ಮುಚ್ಚೋಕೂ ಬಿಡಲ್ಲ ನಿಮ್ಮ ಮಷಿನ್ನು" ಎಂದರು. ನನಗೆ ಪಿತ್ತ ನೆತ್ತಿಗೇರಿತು. ನನಗೂ ನನ್ನ ಅತ್ತಿಗೆಗೂ ಅನ್ನ ಹಾಕುವುದು ಈ ಅಂಗಡಿ, ಬಿಟ್ಟು ಹೋಗುವುದೆಲ್ಲಿಗೆ? ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಕಾಲು ತುಳಿದಳು.

"ಆಗ್ಲಿ ಅಮ್ಮ. ಹೋಗೋ ಮುಂಚೆ ನಿಮಗೊಂದು ಕೋಟು ಹೊಲಿದು ಕೊಡ್ತೀವಿ. ಸ್ವಲ್ಪ ಕೈ ಎತ್ತಿ."

ಅಳತೆಗೆ ಕೈ ಎತ್ತಿ ನಿಂತವರು ಜಗಳ ಆಡಲಾರರು. ಅದು ಗೊತ್ತಿದ್ದೇ ಅತ್ತಿಗೆ ಟೇಪು ಸುತ್ತುತ್ತಾ ಶುರು ಹಚ್ಚಿಕೊಂಡಳು.

"ನಮ್ಮತ್ತೆನೂ ಟೈಲರೇ ಅಮ್ಮ. ಮಾವನವರ ಗೊರಕೆ ಥೇಟ್ ಮಷಿನ್ ಥರ. ಅದಿಲ್ದೆ ಅತ್ತೆಗೆ ನಿದ್ದೇನೇ ಬರ್ತಿರ್ಲಿಲ್ಲ. ಗೊರಕೆ ನಿಂತ್ರೆ ಸಾಕು, ನಿದ್ದೆಗಣ್ಣಲ್ಲೇ ಎದ್ದು ಕೂತು 'ರೀ, ದಾರ ತುಂಡಾಯ್ತು' ಅಂತ ಮಾವನ ಮೂಗಿಗೆ ದಾರ ಪೋಣಿಸೋಕೆ ಹೋಗೋರು!"

ಹಸಿ ಸುಳ್ಳು. ನನ್ನ ಅಪ್ಪ ಜನ್ಮದಲ್ಲಿ ಗೊರಕೆ ಹೊಡೆದವರಲ್ಲ. ಹೆತ್ತವರ ಮಾನ ಹರಾಜು ಹಾಕಿದಳಲ್ಲ ಎಂದು ನಾನು ಹಲ್ಲು ಕಡಿದೆ. ಓನರಮ್ಮ ಮಾತ್ರ ಎತ್ತಿದ ಕೈ ಇಳಿಸದೆ ಹೊಟ್ಟೆ ಕುಲುಕಿಸಿ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ನಮ್ಮನೆಯವರದ್ದೂ ಇದೇ ಗೊರಕೆ. ಅವರು ಹೋದ್ಮೇಲೆ ಮನೇಲಿ ಸದ್ದೇ ಇಲ್ಲ. ರಾತ್ರಿಯೆಲ್ಲ ಎಚ್ಚರ, ಅದಕ್ಕೇ ಮಧ್ಯಾಹ್ನ ಮಲಗೋದು" ಎಂದರು. ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾಪ ಅನ್ನಿಸಿತು.

"ಹಾಗಾದ್ರೆ ಊಟ ಆದ್ಮೇಲೆ ನಾವು ಮಷಿನ್ ಮುಟ್ಟಲ್ಲ ಅಮ್ಮ. ಗುಂಡಿ, ಕಾಜಾ ಅಂತ ಕೈಕೆಲಸ ಬೇಕಾದಷ್ಟಿದೆ. ನೀವು ಏಳೋವರೆಗೂ ಅದನ್ನೇ ಮಾಡ್ತೀವಿ" ಎಂದಳು ಅತ್ತಿಗೆ.

"ಮೊದಲು ಕೋಟು ಬರಲಿ, ನೋಡೋಣ" ಎಂದು ಓನರಮ್ಮ ಮೆಟ್ಟಿಲು ಹತ್ತಿದರು.

ಕೋಟು ಸಿದ್ಧವಾಯಿತು. ಓನರಮ್ಮ ಹಾಕಿ ನೋಡಿದರೆ ಹೊಟ್ಟೆಯ ಹತ್ತಿರ ಇನ್ನೊಬ್ಬರು ಹಿಡಿಸುವಷ್ಟು ಸಡಿಲ! ಉಸಿರು ಬಿಟ್ಟಮೇಲೆ ಅಳತೆ ತೆಗೆಯಬೇಕು ಎನ್ನುವುದು ಹೊಲಿಗೆ ಕಲಿಯುವವರಿಗೆ ಹೇಳಿಕೊಡುವ ಮೊದಲ ಪಾಠ. ನಮ್ಮ ಅತ್ತಿಗೆ ಮಹಾತಾಯಿ, ಓನರಮ್ಮನ ಹೊಟ್ಟೆ ನಗುವಿಗೆ ಕುಣಿಯುತ್ತಿದ್ದಾಗ ಅಳತೆ ತೆಗೆದಿದ್ದಳು. ಕೆಲಸ ಕೆಟ್ಟಿತು, ಅಂಗಡಿಯೂ ಹೋಯಿತು ಎಂದುಕೊಂಡೆ.

"ಬಿಚ್ಚಿ ಕೊಡಿ ಅಮ್ಮ, ಈಗಲೇ ಬಿಗಿ ಮಾಡಿ ಕೊಡ್ತೀನಿ" ಎಂದು ಪಿನ್ನು ಹಿಡಿದು ಹತ್ತಿರ ಹೋದೆ.

ಓನರಮ್ಮ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ ನನ್ನ ಕೈ ತಳ್ಳಿದರು.

"ಮುಟ್ಟಬೇಡ. ನೀವಂತೂ ಖಾಲಿ ಮಾಡೋ ಹಾಗಿಲ್ಲ. ನಿಮ್ಮತ್ತಿಗೆ ಕೆಳಗಿರೋವರೆಗೂ ನನಗೆ ನಗೋಕೆ ಇಷ್ಟಾದ್ರೂ ಜಾಗ ಬೇಕು."