ಹೆಸರು ಕರೆಯದವನು

ಅವ್ವನ ಬಾಯಿಂದ, ನಾವು ಮನೆಯಲ್ಲೂ ಸಂತೆಯಲ್ಲೂ ಆಡುವ ಹೌಸಾ ಮಾತು ಹೊರಟುಹೋಗಿ ಮೂರು ದಿನವಾಗಿತ್ತು. ಲಕ್ವ ಹೊಡೆದ ಮೇಲೆ ಉಳಿದದ್ದು ಅವಳ ತವರಿನ ಗುಡ್ಡದ ಮಾತು ಮಾತ್ರ. ನನ್ನ ಕೈ ಹಿಡಿದುಕೊಂಡು ಅದರಲ್ಲೇ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾಳೆ, ನನಗೋ ಒಂದಕ್ಷರ ತಿಳಿಯದು. ನೀರು ತಂದೆ, ಬೇಡ. ಸಜ್ಜೆ ಗಂಜಿ ತಂದೆ, ಬೇಡ. ಮಗ್ಗುಲು ಬದಲಿಸಿದೆ, ಅತ್ತಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ತಾಯಿಯ ಮಾತು ಬಾರದೆಂದರೆ ಅದೆಂಥ ಬಾಳು!

ಯಾರನ್ನು ಬೈಯಲಿ? ನಾವು ಕಿರಿಯರೆಲ್ಲ ಹುಟ್ಟಿ ಬೆಳೆದದ್ದು ಗುಡ್ಡದ ಕೆಳಗೆ, ಸಂತೆಯೂರಿನಲ್ಲಿ. ಮಕ್ಕಳನ್ನು ಬೀದಿಯವರು ಕಾಡುಜನ ಎಂದು ಆಡಿಕೊಂಡಾರೆಂದು ಅವ್ವ ನಮ್ಮೊಡನೆ ಹೌಸಾವನ್ನೇ ಆಡಿದಳು. ಗುಡ್ಡದ ಮಾತು ಬಲ್ಲವನು ಇನ್ನೊಬ್ಬನೇ, ನಮ್ಮಣ್ಣ ಜತಾವ. ಚೊಚ್ಚಲ ಮಗನೆಂದು ಹಾಲು ಬಿಡಿಸಿದ ಕೂಡಲೇ ಅವನನ್ನು ಗುಡ್ಡದ ಮೇಲೆ ಅಜ್ಜಿಯ ಮನೆಗೆ ಕಳಿಸಿದ್ದರು. ಚೊಚ್ಚಲ ಕೂಸನ್ನು ತಾಯಿ ಹೆಸರು ಹಿಡಿದು ಕರೆಯಬಾರದು, ಮುದ್ದಿಸಬಾರದು, ಮುಖ ಕೊಟ್ಟು ಮಾತಾಡಬಾರದು. ನಮ್ಮಲ್ಲಿ ಮಾನವಂತ ಹೆಂಗಸಿನ ಲಕ್ಷಣ ಅದು. ಅವ್ವ ಬಲು ಮಾನವಂತಳು. ಅಣ್ಣನಿಗೀಗ ಐವತ್ತೆಂಟು. ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಮೂಲಕ, ಹೌಸಾದಲ್ಲೇ ನಡೆದಿತ್ತು.

ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರು ಬಂದು ಅಣ್ಣನಿಂದ ಇನ್ನೂರು ಪದ ಬರೆದುಕೊಂಡು, ನಮಗೂ ಒಂದು ಪ್ರತಿ ಕೊಟ್ಟು ಹೋಗಿದ್ದರು. ನಿಮ್ಮ ಮಾತೂ ಹೌಸಾವೂ ಚಾಡಿಕ್ ಎಂಬ ಒಂದೇ ಮನೆತನದ ನುಡಿಗಳು, ಮಸೀದಿಯ ಅರಬ್ಬಿ, ಹಳೆಯ ಈಜಿಪ್ಟಿನ ಅರಸರ ಮಾತು, ಎಲ್ಲ ದೂರದ ನೆಂಟರು ಎಂದಿದ್ದರು. "ಇಷ್ಟು ದೊಡ್ಡ ಬಳಗ ಅಂತೀರಿ, ಒಬ್ರಾದ್ರೂ ನಮ್ಮ ಮನೆ ಕಡೆ ತಲೆ ಹಾಕಿದ್ರಾ ಮೇಷ್ಟ್ರೇ?" ಎಂದು ಅಣ್ಣ ನಕ್ಕಿದ್ದ. ಈಗ ಆ ಪಟ್ಟಿ ತೆಗೆದು ತಡಕಾಡಿದೆ. ಹೇನು, ಚಂದ್ರ, ಮೂಳೆ, ಬಾಲ. ಅವ್ವ ಹೇಳುವುದರಲ್ಲಿ 'ಕಣ್ಣು' ಎಂಬುದೊಂದು ಸಿಕ್ಕಿತು. ಒದ್ದೆ ಬಟ್ಟೆಯಿಂದ ಅವಳ ಕಣ್ಣು ಒರೆಸಿದೆ. ಅದೂ ಅಲ್ಲವಂತೆ.

ಕೊನೆಗೆ ಬೇರೆ ದಾರಿ ಕಾಣದೆ ಅಣ್ಣನಿಗೆ ಹೇಳಿಕಳಿಸಿದೆ. ಎದುರು ಬಂದರೆ ಅವ್ವ ನಾಚಿ ಬಾಯಿ ಬಿಡುವುದಿಲ್ಲವೆಂದು ಅವನನ್ನು ಹುಲ್ಲಿನ ತಡಿಕೆಯ ಆಚೆ ಕೂರಿಸಿದೆ. ಅವ್ವ ನನ್ನ ಕೈ ಹಿಡಿದು ಅದನ್ನೇ ಹೇಳಿದಳು. ಹೊರಗೆ ಹೋಗಿ ನೋಡಿದರೆ ಅಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಏನಂತಾಳೆ ಅಣ್ಣಾ? ಬೇಗ ಹೇಳು."

"ಹೆಸರು ಕರೀದೆ ಬಿಟ್ಟೋನನ್ನ ಕರಿ, ಒಂದ್ಸಲ ಕಣ್ತುಂಬ ನೋಡ್ಬೇಕು ಅಂತಾಳೆ."

ಅವಳು ಮಗನನ್ನು ಕೇಳಿದರೆ ನಾನು ಮೂರು ದಿನ ಗಂಜಿ ಕುಡಿಸಲು ಹೆಣಗಿದ್ದೆನಲ್ಲ! ಅಣ್ಣನ ರಟ್ಟೆ ಹಿಡಿದು ಎಬ್ಬಿಸಿದೆ.

"ಅವಳ ಮುಂದೆ ಹ್ಯಾಗೆ ನಿಲ್ಬೇಕು ಅಂತಾನೇ ನಂಗೊತ್ತಿಲ್ಲ ತಲಾತು" ಎಂದ. ದಬ್ಬಿಕೊಂಡೇ ಒಳಗೆ ತಂದೆ.

ಅವನು ಬಾಗಿಲು ದಾಟಿದ್ದೇ ತಡ, ಅವ್ವ ಸ್ವಾಧೀನವಿದ್ದ ಒಂದೇ ಕೈಯಿಂದ ಹೊದಿಕೆ ಎಳೆದು ಮುಖ ಮುಚ್ಚಿಕೊಂಡಳು. ಅಣ್ಣ ಚಾಪೆಯ ತುದಿಯಲ್ಲಿ ಕೂತು ಅವಳ ಮಾತಿನಲ್ಲೇ ಮೆಲ್ಲಗೆ ಏನೋ ಹೇಳಿದ. ಹೊದಿಕೆಯೊಳಗಿಂದ ಅವಳು ನನ್ನ ಹತ್ತಿರ, ಏನೂ ತಿಳಿಯದ ನನ್ನ ಹತ್ತಿರ, ಮತ್ತೆ ಅದನ್ನೇ ಬೇಡಿದಳು. "ನೀನಾದ್ರೂ ಆ ಹೊದಿಕೆ ಸರಿಸು" ಎಂದ ಅಣ್ಣ. ಅಂಚು ಹಿಡಿದು ಎಳೆದೆ. ಆ ಒಂದು ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಅವ್ವ ಬಿಡಲೇ ಇಲ್ಲ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹಿಡಿತ ತಾನಾಗಿ ಸಡಿಲವಾಯಿತು. ಅಣ್ಣ ಹೊದಿಕೆ ಸರಿಸಿ ಅವ್ವನ ಮುಖವನ್ನು ಕಣ್ತುಂಬ ನೋಡಿದ. ಅವನನ್ನು ನೋಡಲು ಅವಳಿರಲಿಲ್ಲ.